ನಾಳೆಯ ಶ್ರುತಿ

ಬೆರಳು ಎತ್ತುವ ಹಾಗಿರಲಿಲ್ಲ. ಒಳಗಿನಿಂದ ಅಪ್ಪ "ಹೂಂ, ಮುಂದೆ" ಎನ್ನುವ ತನಕ ಒತ್ತಿದ ಮನೆಯನ್ನು ಒತ್ತಿಕೊಂಡೇ ಇರಬೇಕು. ಆರ್ಗನ್ನಿನ ಕಪ್ಪು ಬಿಳಿ ಪಟ್ಟಿಗಳನ್ನು ಅಪ್ಪ ಹಾರ್ಮೋನಿಯಂನವರ ಹಾಗೆ ಮನೆ ಎಂದೇ ಕರೆಯುತ್ತಿದ್ದರು. ಅವಳು ಒತ್ತಿದ ಮನೆಗೆ ಸೇರಿದ ಕೊಳವೆ ಆ ದೊಡ್ಡ ಮರದ ಗೂಡಿನೊಳಗೆ ಎಲ್ಲೋ ಕೂಗುತ್ತಿತ್ತು, ಅಪ್ಪ ಕಿರಿದಾದ ಏಣಿಯ ಮೇಲೆ ನಿಂತು ಅದರ ಬಾಯಿ ತಿದ್ದಿ ಶ್ರುತಿ ಕೂಡಿಸುತ್ತಿದ್ದರು. ಹತ್ತು ವರ್ಷದವಳಿದ್ದಾಗ ಇದೊಂದು ಆಟವಾಗಿತ್ತು. ಇಪ್ಪತ್ತಾರರಲ್ಲಿ, ಎರಡು ಪದವಿಗಳನ್ನು ಕಪಾಟಿನ ಮೇಲಿನ ಅರೆಯಲ್ಲಿ ಮಲಗಿಸಿ, ಕ್ರಿಸ್ಮಸ್ಸಿನ ಹಿಂದಿನ ದಿನ ಖಾಲಿ ಚರ್ಚಿನ ಚಳಿಯಲ್ಲಿ ಒಂದು ಬೆರಳಿನ ತುದಿಗೆ ತನ್ನ ಇಡೀ ದೇಹವನ್ನು ಕಟ್ಟಿಹಾಕಿಕೊಂಡು ಕೂತಾಗ, ಇದನ್ನು ಏನೆಂದು ಕರೆಯಬೇಕೋ ಅವಳಿಗೆ ಹೊಳೆಯುತ್ತಿರಲಿಲ್ಲ. ಕೆಲಸ ಎನ್ನಲು ಅದಕ್ಕೊಂದು ಹೆಸರಿರಲಿಲ್ಲ. ಸೇವೆ ಎನ್ನಲು ಮನಸ್ಸು ಒಪ್ಪುತ್ತಿರಲಿಲ್ಲ. ಬೆಳಿಗ್ಗೆ ಹೊರಡುವಾಗ ಅಮ್ಮ, "ಇಬ್ಬರೂ ಆ ಪೆಟ್ಟಿಗೆಯಲ್ಲೇ ಒಂದು ಒಲೆ ಹೂಡಿಬಿಡಿ, ನನಗೂ ಅಡುಗೆ ತಪ್ಪುತ್ತೆ" ಎಂದಿದ್ದಳು. ಅಪ್ಪ ನಕ್ಕಿದ್ದರು. ಅಮ್ಮನ ಮಾತು ಕೇಳಿಸಿ ನಕ್ಕರೋ, ಬರೀ ಅಮ್ಮನ ಮುಖ ನೋಡಿ ನಕ್ಕರೋ ಎಂದು ಅವಳು ದಾರಿಯುದ್ದಕ್ಕೂ ಯೋಚಿಸಿದ್ದಳು.

"ಗುಬ್ಬೀ, ಎಲ್ಲಿದೆ?"

"ಕೆಳಗಿದೆ ಅಪ್ಪ. ಇನ್ನೂ ಸ್ವಲ್ಪ."

ಎರಡು ಕೊಳವೆಗಳು ಹೆಚ್ಚುಕಡಿಮೆ ಒಂದೇ ಸ್ವರದಲ್ಲಿ ಕೂಗಿದರೆ ನಡುವೆ ಒಂದು ಅಲೆ ಏಳುತ್ತದೆ, ವಾಂ ವಾಂ ವಾಂ ಎಂದು, ಹೊಟ್ಟೆನೋವಿನ ಮಗುವಿನ ಹಾಗೆ. ಸ್ವರಗಳು ಹತ್ತಿರವಾದಂತೆ ಅಲೆ ನಿಧಾನವಾಗುತ್ತದೆ. ಪೂರ್ತಿ ಕೂಡಿದರೆ ನಿಲ್ಲುತ್ತದೆ. ಎರಡು ವರ್ಷದ ಹಿಂದೆ, ಒಂದು ಶಾಲೆಯ ಸಭಾಂಗಣದಲ್ಲಿ, ಅಲೆ ಇನ್ನೂ ಬಡಿದುಕೊಳ್ಳುತ್ತಿರುವಾಗಲೇ ಅಪ್ಪ "ನಿಂತಿತಲ್ವಾ?" ಎಂದು ಕೇಳಿದ್ದರು. ತನ್ನನ್ನು ಪರೀಕ್ಷಿಸುತ್ತಿದ್ದಾರೆ ಎಂದುಕೊಂಡು ಅವಳು ನಕ್ಕು, ಏಣಿಯ ಸಂದಿಯಿಂದ ಇಣುಕಿ ನೋಡಿದಳು. ಅಪ್ಪನ ಮುಖದಲ್ಲಿ ಪರೀಕ್ಷೆ ಇರಲಿಲ್ಲ. ಕತ್ತಲಲ್ಲಿ ಮೆಟ್ಟಿಲು ಎಲ್ಲಿದೆ ಎಂದು ಕಾಲಿನಿಂದ ತಡವುವವರ ಮುಖ ಅದು. "ಇಲ್ಲ ಅಪ್ಪ, ಒಂಚೂರು ಮೇಲೆ ಹೋಗ್ಬೇಕು" ಎಂದಳು, ಏನೂ ಆಗದವಳ ಹಾಗೆ. ಅಂದಿನಿಂದ ಅವರ ಕಿವಿ ಅವಳಾದಳು. ಇಬ್ಬರೂ ಆ ಬಗ್ಗೆ ಒಂದು ಮಾತು ಆಡಲಿಲ್ಲ. ಕೆಲಸ ಮುಗಿಸಿ ಕೈ ಒರೆಸಿಕೊಳ್ಳುತ್ತ ಅಪ್ಪ, "ನೋಡು, ಹೇಗೆ ಕೂಡಿಸಿದೆ!" ಎಂದಾಗಲೆಲ್ಲ ಅವಳು "ಚೆನ್ನಾಗಿ ಕೂಡಿದೆ" ಎನ್ನುತ್ತಿದ್ದಳು. ಹಾಗೆ ಹೇಳಿದ ಪ್ರತಿ ಸಲವೂ ತಾನು ಅವರಿಗೆ ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂಬ ಹಮ್ಮು ಒಳಗೊಳಗೇ ತಲೆಯೆತ್ತುತ್ತಿತ್ತು. ಆ ಹಮ್ಮಿನ ಹಿಂದೆಯೇ ನಾಚಿಕೆ. ನಾಚಿಕೆಯ ಹಿಂದೆ ಇನ್ನೊಂದು, ಹೆಸರಿಡಲು ಹೆದರಿಕೆಯಾಗುವಂಥದು: ಇನ್ನು ಇವರನ್ನು ಬಿಟ್ಟು ನಾನು ಎಲ್ಲಿಗೂ ಹೋಗುವ ಹಾಗಿಲ್ಲ.

ಅತ್ತ ಪಾದ್ರಿಗಳು ಪೀಠದಲ್ಲಿ ನಿಂತು, ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡು, ಖಾಲಿ ಬೆಂಚುಗಳಿಗೆ ನಾಳೆಯ ಪ್ರಸಂಗ ಒಪ್ಪಿಸುತ್ತಿದ್ದರು. "ಇದು ಹೇಗೆ ಸಾಧ್ಯ ಎಂದು ಕೇಳಬೇಡಿ. ದೇವರು ಮಗುವಾಗಿ ಬಂದದ್ದು ಬಿಡಿಸಬೇಕಾದ ಲೆಕ್ಕವಲ್ಲ. ಅದು ರಹಸ್ಯ. ರಹಸ್ಯವನ್ನು ಬಿಡಿಸುವುದಲ್ಲ, ಅಪ್ಪಿಕೊಳ್ಳುವುದು." ಸ್ವರ ಕೂಗುವಾಗ ನಿಲ್ಲಿಸಿ, ಅಪ್ಪ ಏಣಿ ಸರಿಸುವಾಗ ಮತ್ತೆ ಶುರು ಮಾಡುತ್ತಿದ್ದರು. ಕೊನೆಗೆ ಗಡಿಯಾರ ಕಟ್ಟಿಕೊಳ್ಳುತ್ತ ಅವಳ ಕಡೆ ತಿರುಗಿದರು.

"ಗುಬ್ಬಮ್ಮಾ, ಹದಿನೆಂಟು ನಿಮಿಷ. ಉದ್ದ ಆಯ್ತಾ?"

"ಇಲ್ಲ."

"ನೀನು ಇಲ್ಲ ಅಂದ್ರೆ ಹೌದು ಅಂತ ಅರ್ಥ. ಹದಿನೈದು ದಾಟಿದ್ರೆ ಆರ್ಗನ್ ನುಡಿಸೋ ಟೀಚರು ಬೆಂಚು ಕಿರುಗುಟ್ಟಿಸ್ತಾರೆ ನೋಡು, ಆ ಶಬ್ದ ಕೇಳಿದ್ರೆ ನನಗೆ ಆಮೆನ್ ಕೂಡ ಮರೆತುಹೋಗುತ್ತೆ." ತಮ್ಮ ಮಾತಿಗೆ ತಾವೇ ನಕ್ಕು ಹೊರಟುಹೋದರು.

ಕಳೆದ ವರ್ಷ ಇದೇ ಪಾದ್ರಿಗಳಿಗೆ ಅವಳು ಹೇಳಿದ್ದಳು. ಮೂರು ವಾರ ವಾಕ್ಯಗಳನ್ನು ಜೋಡಿಸಿ, ತಿದ್ದಿ, ಬಾಯಿಪಾಠ ಮಾಡಿ, ಕೊನೆಗೆ ಅವರ ಕೋಣೆಯ ಹೊಸ್ತಿಲಲ್ಲಿ ನಿಂತು, "ನನಗೆ ನಂಬಿಕೆ ಬರ್ತಾ ಇಲ್ಲ" ಎಂದಷ್ಟೇ ಹೊರಬಿದ್ದಿತ್ತು. ಅವರು ಕನ್ನಡಕ ಮೇಲೇರಿಸಿ, "ಮೊದಲು ಒಳಗೆ ಬಾ, ಚಹಾ ಕುಡಿ" ಎಂದರು. ಕುಡಿದಳು. ಬಿಸ್ಕತ್ತನ್ನೂ ತಿಂದಳು. ಬಿಸ್ಕತ್ತಿನ ಚೂರು ಮಡಿಲಿಗೆ ಬಿದ್ದದ್ದನ್ನು ಹೆಕ್ಕುತ್ತಿರುವಾಗ ಯಾರೋ ಬಂದರು, ಎದ್ದು ಬಂದಳು. ತನ್ನ ಅವಿಶ್ವಾಸಕ್ಕೆ ಇಷ್ಟೇ ಬೆಲೆಯೇ ಎಂದು ಅವಮಾನವಾಗಿತ್ತು. ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗಲೆಲ್ಲ ಅವಳಿಗೆ ಅನ್ನಿಸುವುದು ಇದೊಂದೇ: ಮನೆ ಒತ್ತಿಕೊಂಡು ಕೂತಿದ್ದೇನೆ, ಆದರೆ ಗೂಡಿನೊಳಗೆ ಯಾರೂ ಇಲ್ಲ. "ಹೂಂ, ಮುಂದೆ" ಎನ್ನುವವರಿಲ್ಲ.

ಕೊನೆಗೆ ಉಳಿದದ್ದು ತುತ್ತೂರಿ ಸಾಲು, ಐವತ್ತಾರು ಕೊಳವೆ. ಇವುಗಳ ಬುಡದಲ್ಲಿ ಹಿತ್ತಾಳೆಯ ನಾಲಿಗೆ, ನಾಲಿಗೆಯನ್ನು ಹಿಡಿದ ಒಂದು ತಂತಿ. ಚಪ್ಪಟೆ ಕಡ್ಡಿಯಿಂದ ತಂತಿಯನ್ನು ಕೂದಲೆಳೆಯಷ್ಟು ಕೆಳಗಿಳಿಸಿದರೆ ಸ್ವರ ಏರುತ್ತದೆ. ಕ್ರಿಸ್ಮಸ್ಸಿನ ಕೊನೆಯ ಹಾಡಿಗೆ ಮಾತ್ರ ಟೀಚರು ಈ ಸಾಲಿಗೆ ಗಾಳಿ ಬಿಡುವ ಗುಂಡಿ ಎಳೆಯುತ್ತಿದ್ದರು. ಇಡೀ ಊರು ಅದಕ್ಕಾಗಿ ಕಾಯುತ್ತಿತ್ತು. ಹೋದ ವರ್ಷದವರೆಗೂ ಈ ಸಾಲು ಅಪ್ಪನಿಗೆ ಕೇಳಿಸುತ್ತಿತ್ತು. ಈ ಸಲ ಮೊದಲನೆಯ ಕೊಳವೆಗೇ "ಗುಬ್ಬೀ, ಎಲ್ಲಿದೆ?" ಎಂದರು. ಇದೂ ಹೋಯಿತು ಎಂದುಕೊಂಡಳು. ಬೆರಳು ಮರಗಟ್ಟಿತ್ತು. ಮೇಲೆ, ಕೆಳಗೆ, ಇನ್ನೊಂಚೂರು, ಹಾಂ ನಿಂತಿತು. ಅಲೆ ನಿಂತು ಸ್ವರ ಗಾಜಿನ ಹಾಗೆ ನಿಶ್ಚಲವಾಗುವ ಆ ಗಳಿಗೆ ಮಾತ್ರ ಅವಳ ಪಾಲಿಗೆ ಪ್ರಾರ್ಥನೆಗೆ ಹತ್ತಿರವಾದದ್ದು. ಐವತ್ತಾರು ಸಲ ಆ ನಿಶ್ಚಲತೆಯೊಳಗೆ ಇಳಿದಳು. ಚರ್ಚು ಖಾಲಿಯಿತ್ತು, ತಂಪಾಗಿತ್ತು, ಸರಿಯಾಗಿತ್ತು. ಅಪ್ಪ ಏಣಿ ಇಳಿದು ಬಂದು ಅವಳ ತಲೆಯ ಮೇಲೆ ಕೈಯಿಟ್ಟರು. "ನಾಳೆ ನೋಡು" ಎಂದರು.

ಮಾರನೆಯ ಬೆಳಿಗ್ಗೆ ಕೊನೆಯ ಬೆಂಚಿನ ಮೂಲೆಯಲ್ಲಿ, ಕಂಬಕ್ಕೆ ಅರ್ಧ ಮರೆಯಾಗಿ, ಅವಳು ಜನ ಬರುವುದನ್ನು ನೋಡುತ್ತ ಕೂತಿದ್ದಳು. ಅಪ್ಪ ವಾಡಿಕೆಯಂತೆ ಆರ್ಗನ್ನಿನ ಪಕ್ಕದ ಸಣ್ಣ ಬಾಗಿಲಿನಿಂದ ಒಳಹೊಕ್ಕಿದ್ದರು. ನಡುವೆ ಯಾವುದಾದರೂ ಸ್ವರ ಸಿಕ್ಕಿಹಾಕಿಕೊಂಡು ಕೂಗತೊಡಗಿದರೆ ಬಿಡಿಸಲು ಒಬ್ಬರು ಒಳಗಿರಬೇಕಲ್ಲ. ದಪ್ಪ ಬಟ್ಟೆ ತೊಟ್ಟ ಹೆಂಗಸರು, ಹೊಸ ಬೂಟು ಕಚ್ಚಿ ಅಳುವ ಮಕ್ಕಳು, ಕೆಮ್ಮುವ ಮುದುಕರು. ಬೆಂಚು ತುಂಬಿ, ನಡುದಾರಿ ತುಂಬಿ, ಗೋಡೆಗೆ ಒರಗಿ ಕೂಡ ನಿಂತರು. ಇಷ್ಟು ಜನರ ನಡುವೆ ತಾನೊಬ್ಬಳೇ ಸುಳ್ಳಿ ಎಂದು ಅವಳಿಗೆ ಪ್ರತಿ ಕ್ರಿಸ್ಮಸ್ಸಿನಲ್ಲಿ ಅನ್ನಿಸುವುದು ಈಗಲೂ ಅನ್ನಿಸಿತು. ಕಿಟಕಿಯ ಗಾಜು ಕೆಳಗಿನಿಂದ ನಿಧಾನವಾಗಿ ಮಂಜಾಗತೊಡಗಿತ್ತು. ಎಲ್ಲರ ಉಸಿರು. ಮುಂದಿನ ಬೆಂಚಿನ ಹುಡುಗಿ ಆ ಮಂಜಿನ ಮೇಲೆ ಬೆರಳಿನಿಂದ ಬೆಕ್ಕೊಂದನ್ನು ಬರೆದಳು. ಹುಡುಗಿ ಬೆಕ್ಕಿಗೆ ಮೀಸೆ ಬರೆಯುವಷ್ಟರಲ್ಲಿ, ಕಂಬದ ಮರೆಯಲ್ಲಿದ್ದ ಅವಳಿಗೆ ಥಟ್ಟನೆ ಹೊಳೆಯಿತು.

ಜನರನ್ನು ಮರೆತುಬಿಟ್ಟಿದ್ದಳು.

ಎಷ್ಟು ಸಲ ಅಪ್ಪ ಹೇಳಿಲ್ಲ! ಜನ ತುಂಬಿದರೆ ಚರ್ಚು ಬೆಚ್ಚಗಾಗುತ್ತದೆ, ಬೆಚ್ಚಗಾದರೆ ಉಳಿದ ಕೊಳವೆಗಳ ಸ್ವರವೆಲ್ಲ ಮೇಲೇರುತ್ತದೆ, ನಾಲಿಗೆಯ ಕೊಳವೆಯದು ಮಾತ್ರ ಇದ್ದಲ್ಲೇ ಇರುತ್ತದೆ. ಅದಕ್ಕೇ ತುತ್ತೂರಿಯನ್ನು ಹಿಂದಿನ ದಿನ ಪೂರ್ತಿ ಕೂಡಿಸಬಾರದು. ಒಂದು ಅಲೆಯಷ್ಟು ಮೇಲೆ ಬಿಡಬೇಕು, ಇವತ್ತಿನ ಕಿವಿಗೆ ತಪ್ಪಾಗಿಯೇ ಕೇಳಿಸಬೇಕು. ನಾಳೆ ಜನ ಬಂದು ಉಸಿರಾಡಿ ಅದನ್ನು ಸರಿ ಮಾಡುತ್ತಾರೆ. ಅಪ್ಪ ಇದನ್ನು ಹೇಳುವಾಗ ಪ್ರತಿ ಸಲ ಹೊಸದಾಗಿ ಕಂಡುಹಿಡಿದವರ ಹಾಗೆ ಹಿಗ್ಗುತ್ತಿದ್ದರು. ಅವರಿಗೆ ಕೇಳಿಸುತ್ತಿದ್ದಷ್ಟು ವರ್ಷ ಆ ಅಲೆಯನ್ನು ಅವರೇ ಬಿಡುತ್ತಿದ್ದರು. ನಿನ್ನೆ ಅದನ್ನೂ ಅವಳ ಕೈಗೆ ಬಿಟ್ಟಿದ್ದರು, ಬಾಯಿಬಿಟ್ಟು ಹೇಳದೆ. ಅವಳು ಐವತ್ತಾರನ್ನೂ ಖಾಲಿ ಬೆಂಚುಗಳಿಗೆ ಸರಿಯಾಗಿ ಕೂಡಿಸಿ ಸುಖಪಟ್ಟಿದ್ದಳು.

ಮೊದಲ ಹಾಡು ಮುಗಿಯಿತು. ವಾಚನ ಶುರುವಾಯಿತು. ಇನ್ನೊಂದು ಹಾಡು, ಪ್ರಸಂಗ, ಪ್ರಾರ್ಥನೆ, ಆಮೇಲೆ ಕೊನೆಯ ಹಾಡು. ಟೀಚರು ಗುಂಡಿ ಎಳೆಯುತ್ತಾರೆ, ತುತ್ತೂರಿಗಳೆಲ್ಲ ಒಟ್ಟಿಗೆ ಕೆಳಗಿನ ದನಿಯಲ್ಲಿ ಅರಚುತ್ತವೆ, ಇಡೀ ಊರು ತಿರುಗಿ ನೋಡುತ್ತದೆ. ಟೀಚರ ಕಿವಿಗೆ ಹೋಗಿ ಹೇಳಿಬಿಡಲೇ? ಒಂದು ಪಿಸುಮಾತು ಸಾಕು, ಆ ಗುಂಡಿ ಮುಟ್ಟಬೇಡಿ. ಆದರೆ ಯಾಕೆ ಎನ್ನುತ್ತಾರೆ. ಹೋದ ತಿಂಗಳಷ್ಟೇ ಟೀಚರು ಅಪ್ಪನನ್ನು, "ಕಿವಿ ಇನ್ನೂ ಚುರುಕಾಗಿದೆಯಾ, ಅಥವಾ ಮಗಳೇ ಎಲ್ಲಾನಾ?" ಎಂದು ತಮಾಷೆಗೆ ಕೇಳಿದ್ದರು. ಅಂದು ಮನೆಗೆ ಬಂದ ಅಪ್ಪ ಊಟ ಮಾಡದೆ ಮಲಗಿದ್ದರು. ಹೇಳದಿದ್ದರೆ ಎಲ್ಲರೆದುರು ಅವಮಾನ, ಹೇಳಿದರೆ ಒಬ್ಬರೆದುರು. ಯಾವುದು ದೊಡ್ಡದು ಎಂದು ತೂಗುತ್ತ ಅವಳು ಬೆಂಚಿನ ಅಂಚನ್ನು ಹಿಡಿದು ಕೂತೇ ಇದ್ದಳು. ಎರಡನೆಯ ಹಾಡಿಗೆ ಎಲ್ಲರೂ ಎದ್ದು ನಿಂತಾಗ, ಅವರ ಬೆನ್ನುಗಳ ಮರೆಯಲ್ಲಿ, ಗೋಡೆಯ ಪಕ್ಕ, ಕ್ಷಮಿಸಿ ಕ್ಷಮಿಸಿ ಎನ್ನುತ್ತ, ಯಾರದೋ ಕಾಲು ತುಳಿದು, ಸಣ್ಣ ಬಾಗಿಲಿನೊಳಗೆ ನುಸುಳಿದಳು.

ಒಳಗೆ ಸದ್ದೇ ಒಂದು ಗೋಡೆಯಾಗಿತ್ತು. ನೂರಾರು ಕೊಳವೆಗಳು ನಾಲ್ಕೂ ಕಡೆಯಿಂದ ಒಟ್ಟಿಗೆ ಕೂಗುತ್ತಿದ್ದವು. ಕಾಲಕೆಳಗಿನ ಹಲಗೆ ಹಲ್ಲಿನವರೆಗೆ ನಡುಗುತ್ತಿತ್ತು. ಅಪ್ಪ ಮಡಿಸುವ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡಿದ್ದರು. ಅವರ ಮುಖ ಎಷ್ಟು ತೃಪ್ತವಾಗಿತ್ತೆಂದರೆ, ತಾನು ಇಲ್ಲಿಗೆ ಬಂದದ್ದೇ ದೊಡ್ಡ ಕ್ರೌರ್ಯ ಎನ್ನಿಸಿತು. ಭುಜ ಮುಟ್ಟಿದಳು. ಕಣ್ಣು ಬಿಟ್ಟು ಅವರು ಏನು ಎಂಬಂತೆ ಹುಬ್ಬೇರಿಸಿದರು. "ಅಪ್ಪ, ತುತ್ತೂರಿ" ಎಂದಳು. ಅವಳ ಮಾತು ಅವಳಿಗೇ ಕೇಳಿಸಲಿಲ್ಲ. ಅವರು ಕಿವಿಯ ಹಿಂದೆ ಅಂಗೈ ಹಿಡಿದರು. ಎರಡು ವರ್ಷದಲ್ಲಿ ಮೊದಲ ಸಲ, ಅವಳೆದುರಿಗೆ, ಅಷ್ಟು ಸಹಜವಾಗಿ. ಆ ಅಂಗೈಯನ್ನು ನೋಡಿದ್ದೇ ಅವಳೊಳಗೆ ಏನೋ ಹರಿಯಿತು. ಬಾಗಿ, ಗಂಟಲು ಕಿತ್ತುಹೋಗುವ ಹಾಗೆ ಕೂಗಿದಳು, ತಪ್ಪು ನನ್ನದು, ಎರಡು ವರ್ಷದಿಂದ ನಾಟಕ ಆಡ್ತಾ ಇದೀನಿ, ನನಗೆ ಸಾಕಾಗಿದೆ, ನಾನೂ ಮನುಷ್ಯಳೇ ಅಲ್ವಾ. ಆ ಗದ್ದಲದಲ್ಲಿ ಯಾವ ಮಾತೂ ಯಾರಿಗೂ ಮುಟ್ಟುವುದಿಲ್ಲ ಎಂಬ ಧೈರ್ಯದಲ್ಲಿ ಹಿಂದೆಂದೂ ಹೇಳದ್ದನ್ನೆಲ್ಲ ಹೇಳಿದಳು. ಹೀಗೆ ಅವಳು ಯಾರೊಂದಿಗೂ ಮಾತಾಡಿರಲಿಲ್ಲ. ಹಾಡು ನಿಂತದ್ದು ಅವಳಿಗೆ ತಿಳಿಯುವಷ್ಟರಲ್ಲಿ ತಡವಾಗಿತ್ತು.

"...ನಿಮಗೆ ಕಿವಿ ಕೇಳಿಸೋದಿಲ್ಲ, ಅಪ್ಪಾ!"

ಮಾತು ಕೊಳವೆಗಳ ನಡುವಿನಿಂದ ಹೊರಟು, ಚರ್ಚಿನ ಚಾವಣಿಯವರೆಗೆ ಹೋಗಿ, ಅಲ್ಲೊಮ್ಮೆ ಮೊಳಗಿ, ಎಲ್ಲರ ತಲೆಯ ಮೇಲೆ ಇಳಿಯಿತು. ಹೊರಗೆ ಯಾರೋ ಫಕ್ಕನೆ ನಕ್ಕು ಅದನ್ನು ಕೆಮ್ಮಾಗಿ ತಿರುಗಿಸಿದರು. ಹಲಗೆಯ ಆಚೆ, ಒಂದು ಮೊಳದ ದೂರದಲ್ಲಿ, ಟೀಚರ ಬೆಂಚು ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮುಚ್ಚಿದ್ದಾದರೂ ಯಾವುದನ್ನು? ಎಲ್ಲ ಹೊರಗಿತ್ತು.

ಅಪ್ಪ ಅವಳ ಮುಖವನ್ನೇ ನೋಡುತ್ತಿದ್ದರು. ಆಮೇಲೆ ತಮ್ಮ ಮಟ್ಟಿಗೆ ಪಿಸುಮಾತು ಎಂದುಕೊಂಡ ದನಿಯಲ್ಲಿ, "ಅದು ನನಗೆ ಗೊತ್ತಿಲ್ವಾ?" ಎಂದರು. "ಅದನ್ನ ಹೇಳೋಕೆ ಪೂಜೆ ಮಧ್ಯೆ ಎದ್ದು ಬರೋ ಪೈಕಿ ಅಲ್ಲ ನೀನು. ಏನು ಕೆಟ್ಟಿದೆ, ಅದನ್ನ ಹೇಳು."

ಅವಳು ತುಟಿಯನ್ನಷ್ಟೇ ಆಡಿಸಿದಳು. ತುತ್ತೂರಿ. ಅಲೆ ಪೂರ್ತಿ ನಿಲ್ಲಿಸಿಬಿಟ್ಟೆ. ಜನ ಬರ್ತಾರೆ ಅನ್ನೋದನ್ನ ಮರೆತೆ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಟೀಚರಿಗೆ ಹೇಳಿಬರಲಾ, ಆ ಗುಂಡಿ ಎಳೀಬೇಡಿ ಅಂತ, ಎಂದು ಅವಳ ತುಟಿ ಕೇಳಿತು.

"ತುತ್ತೂರಿ ಇಲ್ದೆ ಕ್ರಿಸ್ಮಸ್ಸಾ?" ಎಂದರು ಅಪ್ಪ, ಅದೊಂದು ಹುಚ್ಚುಮಾತು ಎಂಬಂತೆ. ಜೇಬಿನಿಂದ ಕಡ್ಡಿ ತೆಗೆದು, ಸದ್ದು ಕಡಿಮೆಯಾಗಲೆಂದು ಅದರ ತುದಿಗೆ ಕರವಸ್ತ್ರ ಸುತ್ತಿ, ಅವಳ ಕೈಗಿಟ್ಟರು. ಹೊರಗೆ ಪಾದ್ರಿಗಳು ಗಂಟಲು ಸರಿಪಡಿಸಿಕೊಂಡು ಪ್ರಸಂಗ ಆರಂಭಿಸಿದ್ದರು. ಅವಳು ಕಡ್ಡಿಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಸ್ವರ ಇಲ್ಲದೆ ಹೇಗೆ? ಒಂದು ಮನೆಯನ್ನೂ ಒತ್ತುವ ಹಾಗಿಲ್ಲ, ಒಂದು ಕೊಳವೆಯೂ ಉಸಿರೆತ್ತುವ ಹಾಗಿಲ್ಲ. ಸರಿಯಾಯಿತೋ ತಪ್ಪಾಯಿತೋ ಯಾರು ಹೇಳುತ್ತಾರೆ?

"ನಾನು ಟಾರ್ಚು ಹಿಡೀತೀನಿ, ನೀನೇ ಮಾಡು" ಎಂದು ಅಪ್ಪ ಅವಳ ಮಣಿಕಟ್ಟು ಹಿಡಿದರು. ಮೊದಲ ತಂತಿಗೆ ಕಡ್ಡಿ ತಾಗಿಸಿ, ಅವಳ ಕೈಯ ಮೇಲಿಂದಲೇ ಒಮ್ಮೆ ಒತ್ತಿದರು. ತಂತಿ ಸರಿದದ್ದು ಕಣ್ಣಿಗೆ ಕಾಣಲಿಲ್ಲ. ಚರ್ಮಕ್ಕೆ ಮಾತ್ರ, ನಿದ್ದೆಯಲ್ಲಿ ಯಾರೋ ಹೊದಿಕೆ ಎಳೆದಷ್ಟು, ತಿಳಿಯಿತು. "ಇಷ್ಟೇ" ಎಂದರು. ಎರಡನೆಯದಕ್ಕೂ ಹಿಡಿದರು. ಮೂರನೆಯದಕ್ಕೆ ಕೈ ಬಿಟ್ಟರು.

ನಾಲ್ಕು. ಐದು. ಅಪ್ಪನ ಕೈಯ ಟಾರ್ಚಿನ ಬೆಳಕು ಒಂದೊಂದೇ ತಂತಿಗೆ ಸರಿಯುತ್ತಿತ್ತು. "ಇದು ಹೇಗೆ ಸಾಧ್ಯ ಎಂದು ಕೇಳಬೇಡಿ" ಎಂದಿತು ಹೊರಗಿನ ದನಿ. ಅವಳು ಕೇಳುತ್ತಿರಲಿಲ್ಲ. ಒಂಬತ್ತು, ಹತ್ತು. ಹೆಚ್ಚಾಯಿತೇನೋ? ಒಮ್ಮೆ ಒತ್ತಿದ್ದನ್ನು ಪರೀಕ್ಷಿಸಲು ಬರುವುದಿಲ್ಲ, ಬಿಟ್ಟು ಮುಂದೆ ಹೋಗಬೇಕು. ಇದನ್ನು ಅವಳು ಯಾವತ್ತೂ ಮಾಡಿರಲಿಲ್ಲ. ಬರೆದ ಪತ್ರವನ್ನು ನಾಲ್ಕು ಸಲ ಓದಿ ಹರಿದುಹಾಕುವವಳು. ಬಾಗಿಲು ಹಾಕಿದೆನೇ ಎಂದು ಬೀದಿಯ ತುದಿಯಿಂದ ವಾಪಸು ಬರುವವಳು. ಇಪ್ಪತ್ತರ ಹೊತ್ತಿಗೆ ಬೆವರು ಕಣ್ಣಿಗೆ ಇಳಿಯಿತು. ಮೂವತ್ತರ ಹೊತ್ತಿಗೆ ಗೂಡಿನ ಮರ ತನ್ನ ಬೆನ್ನನ್ನೂ ಎದೆಯನ್ನೂ ಒಟ್ಟಿಗೆ ಒತ್ತುತ್ತಿದೆ ಎನ್ನಿಸಿತು. ಈ ಪೆಟ್ಟಿಗೆಯಿಂದ ಹೊರಹೋಗಲೆಂದೇ ಒಳಬಂದು ಕೂಗಿದ್ದೆನಲ್ಲ, ಈಗ ಇದರ ಹೊಟ್ಟೆಯೊಳಗೇ ಬಂದು ನಿಂತೆನಲ್ಲ ಎಂದುಕೊಂಡಳು. ಪ್ರಸಂಗ ಮುಗಿಯುವ ಹಂತದ ಮಾತುಗಳು ಅವಳಿಗೆ ಗೊತ್ತಿದ್ದವು, ನಿನ್ನೆ ಕೇಳಿದ್ದಳು. ಕುರುಬರು ಹೊರಟರು, ಮಂದೆ ಬಿಟ್ಟು ಹೊರಟರು. ಅದಾದ ಮೇಲೆ ಎರಡೇ ನಿಮಿಷ. ಇನ್ನೂ ಹದಿನೆಂಟು ತಂತಿ ಉಳಿದಿದ್ದವು. ಮುಗಿಸಬೇಡಿ, ಎಂದಿತು ಅವಳೊಳಗೆ ಏನೋ. ದಯವಿಟ್ಟು, ಮುಗಿಯದಿರಲಿ. ಯಾರನ್ನು ಕೇಳುತ್ತಿದ್ದೇನೆ ಎಂದು ನೋಡಲು ಅವಳಿಗೆ ಪುರುಸೊತ್ತಿರಲಿಲ್ಲ.

ಹೊರಗೆ ಪಾದ್ರಿಗಳು ನಿಲ್ಲಿಸಿದರು. ಆಮೇಲೆ, "ಕುರುಬರು ಹೊರಟರು" ಎಂದರು ಮತ್ತೆ, ಈಗಷ್ಟೇ ನೆನಪಾದವರ ಹಾಗೆ. ಕುರುಬರ ಕೋಲು, ಕುರುಬರ ಕಂಬಳಿ, ದಾರಿಯ ಕಲ್ಲು, ನಿನ್ನೆ ಇಲ್ಲದ್ದನ್ನೆಲ್ಲ ಒಂದೊಂದಾಗಿ ಹೇಳತೊಡಗಿದರು. ಹದಿನೆಂಟು ನಿಮಿಷ ಯಾವಾಗಲೋ ದಾಟಿತ್ತು. ಟೀಚರ ಬೆಂಚು ಕಿರುಗುಟ್ಟಲಿಲ್ಲ. ಪಾದ್ರಿಗಳಿಗೆ ಹಾಳೆ ತಪ್ಪಿತೋ, ಒಳಗಿನ ಟಿಕ್ ಟಿಕ್ ಸದ್ದು ಕೇಳಿಸಿತೋ ಅವಳಿಗೆ ಆಗ ತಿಳಿಯಲಿಲ್ಲ; ಆಮೇಲೂ ಅವಳು ಕೇಳಲಿಲ್ಲ. ಐವತ್ತಾರನೆಯ ತಂತಿಯಿಂದ ಕಡ್ಡಿ ತೆಗೆದಾಗ ಕುರುಬರು ಇನ್ನೂ ದಾರಿಯಲ್ಲೇ ಇದ್ದರು.

ಪ್ರಾರ್ಥನೆಯಾಯಿತು. ಜನ ಏಳುವ ಸದ್ದು, ಕಡಲು ಎದ್ದ ಹಾಗೆ. ಹಲಗೆಯ ಆಚೆ ಟೀಚರ ಕೈ ಗುಂಡಿಗಳ ಮೇಲೆ ಸರಿದಾಡಿತು. ಒಂದು, ಎರಡು, ಮೂರು ಗುಂಡಿ. ನಾಲ್ಕನೆಯದು ತುತ್ತೂರಿಯದು; ಅದರ ಮೇಲೆ ಕೈ ತಡೆಯಿತು. ಎಲ್ಲವನ್ನೂ ಕೇಳಿಸಿಕೊಂಡಿದ್ದ ಆ ಕೈ, ಎಳೆಯಬಹುದಿತ್ತು, ಬಿಡಬಹುದಿತ್ತು. ಎಳೆಯಿತು.

ಐವತ್ತಾರು ನಾಲಿಗೆಗಳಿಗೂ ಗಾಳಿ ಸಿದ್ಧವಾಯಿತು, ಹಾಡು ಮೊದಲಾಯಿತು, ತುತ್ತೂರಿಗಳು ಅವಳ ಮುಖಕ್ಕೇ ಎದ್ದುಬಿದ್ದು ಕೂಗಿದವು. ಅವಳು ಕಿವಿಯನ್ನೆಲ್ಲ ಕೊಟ್ಟು ಅಲೆಯನ್ನು ಹುಡುಕಿದಳು. ಏನೂ ತಿಳಿಯಲಿಲ್ಲ. ಇಷ್ಟು ಹತ್ತಿರದಲ್ಲಿ ಸ್ವರ ಇರುವುದಿಲ್ಲ, ಬರೀ ಸದ್ದಿರುತ್ತದೆ. ಕೂಡಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಹೊರಗೆ ಹೋಗಿ ಜನರ ನಡುವೆ ನಿಲ್ಲಬೇಕು. ಬಾಗಿಲು ಎರಡು ಹೆಜ್ಜೆ ದೂರದಲ್ಲಿತ್ತು, ಸಂದಿಯಲ್ಲಿ ಬೆಳಕಿನ ಗೆರೆ. ಟಾರ್ಚು ಕೆಳಗಿಟ್ಟು ಅಪ್ಪ ಅವಳ ಮುಖವನ್ನು ನೋಡುತ್ತಿದ್ದರು, ಏನನ್ನೂ ಬಚ್ಚಿಡದೆ, ಹಸಿದವರ ಹಾಗೆ. ಅವರಿಗೆ ಬೇರೆ ದಾರಿಯಿರಲಿಲ್ಲ. ಇದ್ದದ್ದು ಅವಳ ಮುಖವೊಂದೇ.

ಅವಳು ಬಾಗಿಲಿನ ಕಡೆ ಹೋಗಲಿಲ್ಲ. ಗೊತ್ತಿಲ್ಲದೆಯೇ, ಗೊತ್ತಿಲ್ಲ ಎಂಬುದು ಚೆನ್ನಾಗಿ ಗೊತ್ತಿದ್ದೂ, ಹೌದೆಂದು ತಲೆಯಾಡಿಸಿದಳು.